ಪಕ್ಕದ ಸೀಟಿನ ಬ್ರೇಕು

ನಮ್ಮ ಕಾರಿಗೆ ಎರಡು ಬ್ರೇಕುಗಳಿವೆ. ಒಂದು ಓಡಿಸುವವರ ಕಾಲಿನ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕುಳಿತವರ ಕಾಲಿನ ಕೆಳಗೆ. ಡ್ರೈವಿಂಗ್ ಸ್ಕೂಲಿನ ಕಾರುಗಳೆಲ್ಲ ಹಾಗೆಯೇ ಇರುತ್ತವೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಹತ್ತೊಂಬತ್ತು ವರ್ಷಗಳಿಂದ ನಾನು ನನ್ನ ಗಂಡನ ಜೊತೆ ರಜೆ ಕಳೆಯಲೆಂದು ಹೋಗಿರುವುದೆಲ್ಲ ಇಂಥ ಕಾರಿನಲ್ಲೇ. ಓಡಿಸುವವಳು ನಾನು. ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಕೂರುವವರು ಅವರು.

ಊರಿಗೆ ಊರೇ ಅವರನ್ನು ಮೇಷ್ಟ್ರು ಎಂದು ಕರೆಯುತ್ತದೆ. ನಮ್ಮಲ್ಲಿ ಕಾರು ಓಡಿಸುವ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಪಳಗಿದವರು. ನಾನೂ ಹಾಗೆ ಕಲಿಯಲು ಹೋದವಳೇ. ಮೊದಲ ಪರೀಕ್ಷೆಯಲ್ಲೇ ಪಾಸಾದೆ, ಆರು ತಿಂಗಳಿಗೆ ಮೇಷ್ಟ್ರನ್ನೇ ಮದುವೆಯಾದೆ. ಇದನ್ನು ಕೇಳಿದವರೆಲ್ಲ 'ಅಯ್ಯೋ, ಎಷ್ಟು ಚೆನ್ನಾಗಿದೆ!' ಎಂದು ಕಣ್ಣರಳಿಸುತ್ತಾರೆ. ಅವರಿಗೇನು ಗೊತ್ತು ನನ್ನ ಪಾಡು? ಲೈಸೆನ್ಸ್ ಆಫೀಸಿನವರು ನನ್ನನ್ನು ಪಾಸು ಮಾಡಿದರು, ಮೇಷ್ಟ್ರು ಇನ್ನೂ ಮಾಡಿಲ್ಲ.

ನಾನು ಮಕ್ಕಳ ವಾರ್ಡಿನ ನರ್ಸು. ಮೂರು ದಿನದ ಕೂಸಿನ ಅಂಗೈ ಹಿಂಭಾಗದಲ್ಲಿ ದಾರದಂಥ ನರ ಹುಡುಕಿ ಒಂದೇ ಸಲಕ್ಕೆ ಸೂಜಿ ಹಾಕುತ್ತೇನೆ. ದೊಡ್ಡ ಡಾಕ್ಟರಿಗೇ ನರ ಸಿಗದಿದ್ದಾಗ 'ಸಿಸ್ಟರನ್ನ ಕರೀರಿ' ಎನ್ನುತ್ತಾರೆ, ಆ ಸಿಸ್ಟರ್ ನಾನೇ. ಇಂಥ ಕೈಯಲ್ಲಿ ಸ್ಟೇರಿಂಗ್ ಕೊಟ್ಟು, ಎದುರಿಗೆ ಒಂದು ಫರ್ಲಾಂಗು ದೂರದಲ್ಲಿ ಎಮ್ಮೆ ಕಂಡರೆ ಸಾಕು, ನಾನು ಕಾಲೆತ್ತುವ ಮೊದಲೇ ಅವರು ಬ್ರೇಕು ತುಳಿದಿರುತ್ತಾರೆ. ಕಾರು ಗಕ್ಕೆಂದು ನಿಲ್ಲುತ್ತದೆ. ಫ್ಲಾಸ್ಕಿನ ಕಾಫಿ ನನ್ನ ಮಡಿಲಿಗೆ ಬೀಳುತ್ತದೆ.

"ಎಮ್ಮೆ," ಎನ್ನುತ್ತಾರೆ.

"ನಂಗೂ ಕಣ್ಣಿದೆ ಕಣ್ರೀ."

"ಕನ್ನಡಿ ನೋಡ್ದೆ ಬ್ರೇಕ್ ಹಾಕೋಕೆ ಹೊರಟಿದ್ದೆ."

"ಹಾಕಿದ್ದು ನೀವು!"

ಇದು ನಮ್ಮ ವಿಹಾರ. ಕಾರಿನ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು, ಅದರ ನಡುವೆ ಕೆಂಪು ಬಣ್ಣದ ದೊಡ್ಡ ಎಲ್. ನಟ್ಟು ಬೋಲ್ಟು ಹಾಕಿ ಬಿಗಿದಿರುವುದರಿಂದ ನಾಲ್ಕು ದಿನದ ಪ್ರವಾಸಕ್ಕೆಂದು ಯಾರು ಬಿಚ್ಚುತ್ತಾ ಕೂರುತ್ತಾರೆ ಎಂಬುದು ಅವರ ವಾದ. ನಮ್ಮ ಆಲ್ಬಮ್ಮು ತೆರೆದರೆ ಜಲಪಾತದ ಮುಂದೆ ಎಲ್, ಹಳೆ ಕೋಟೆಯ ಮುಂದೆ ಎಲ್, ಕಡಲ ತೀರದಲ್ಲಿ ಎಲ್. ಒಮ್ಮೆ ಒಬ್ಬ ಲಾರಿ ಡ್ರೈವರು ಪಕ್ಕದಲ್ಲಿ ಹಾದುಹೋಗುತ್ತಾ ತಲೆ ಹೊರಗೆ ಹಾಕಿ, "ಹೆದರ್ಬೇಡಿ ಅಮ್ಮಾ, ಚೆನ್ನಾಗಿ ಕಲೀತಿದೀರಿ!" ಎಂದು ಕೂಗಿ ಹೋದ. ಆಗ ನನಗೆ ಲೈಸೆನ್ಸ್ ಸಿಕ್ಕಿ ಹದಿನಾಲ್ಕು ವರ್ಷವಾಗಿತ್ತು. ಮೇಷ್ಟ್ರು ಆ ಲಾರಿಯವನಿಗೆ ಕೈ ಬೀಸಿ ಥ್ಯಾಂಕ್ಸ್ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಹಾಗಾದರೆ ಅವರೇ ಓಡಿಸಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. "ಅಭ್ಯಾಸ ತಪ್ಪಬಾರದು, ನೀನು ವರ್ಷಕ್ಕೆ ಓಡಿಸೋದೇ ಇಷ್ಟು," ಎನ್ನುತ್ತಾರೆ. ಊರಿನಲ್ಲಿ ಎರಡೂ ಕಾರುಗಳು ಬೆಳಗಿನಿಂದ ಸಂಜೆಯವರೆಗೆ ಶಿಷ್ಯರ ಕೈಯಲ್ಲಿರುತ್ತವೆ, ನಾನು ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಅಭ್ಯಾಸ ತಪ್ಪಿಸುವವರೂ ಅವರೇ, ತಪ್ಪಬಾರದು ಎನ್ನುವವರೂ ಅವರೇ.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದೆ ಉಳಿದದ್ದು ಒಂದೇ, ಬೆಟ್ಟದ ಮೇಲಿನ ಆ ಕೆರೆ. ನಮ್ಮೂರಿನಿಂದ ಅರ್ಧ ದಿನದ ದಾರಿ, ಕೊನೆಯಲ್ಲಿ ಹನ್ನೊಂದು ಹೇರ್‌ಪಿನ್ ತಿರುವು. ಮದುವೆಯಾದ ವರ್ಷ ನಾವು ಮೊದಲು ಹೊರಟದ್ದು ಅಲ್ಲಿಗೇ. ಬೆಟ್ಟದ ಬುಡದಲ್ಲಿ ಅವರು ಕಾರು ನಿಲ್ಲಿಸಲು ಹೇಳಿ, ಕತ್ತೆತ್ತಿ ರಸ್ತೆಯನ್ನು ನೋಡಿ, "ಇನ್ನೂ ಸ್ವಲ್ಪ ಅಭ್ಯಾಸ ಆಗ್ಲಿ. ಬರೋ ವರ್ಷ ನೋಡೋಣ," ಎಂದರು. ಹೊಸ ಹೆಂಡತಿ, ಆಗಲಿ ಎಂದೆ. ಆಮೇಲೆ ನಾಲ್ಕು ಸಲ ಹೋದೆವು. ನಾಲ್ಕು ಸಲವೂ ಅದೇ ಬುಡ, ಅದೇ ಮಾತು, ವಾಪಸು. ನಮ್ಮ ವಾರ್ಡಿನ ಆಯಾ ಒಂದು ಭಾನುವಾರ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ ಬಂದು, ಸೋಮವಾರ ನನಗೆ ಫೋಟೋ ತೋರಿಸಿದಳು. ನೀರು ಅಷ್ಟು ತಿಳಿಯಾಗಿತ್ತು. ಆವತ್ತು ಇಡೀ ದಿನ ನಾನು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.

ಈ ವರ್ಷ ನಾನು ಮೇಷ್ಟ್ರನ್ನು ಕೇಳಲಿಲ್ಲ. ಕೆರೆಯ ದಡದ ಲಾಡ್ಜಿನಲ್ಲಿ ಎರಡು ದಿನಕ್ಕೆ ರೂಮು ಹಿಡಿದೆ, ರಜೆ ಬರೆಸಿದೆ, ಆಮೇಲೆ ತಿಳಿಸಿದೆ. ಈ ಸಲವೂ ಬುಡದಿಂದಲೇ ತಿರುಗಿದರೆ ಇನ್ನು ಮುಂದೆ ಇವರ ಜೊತೆ ಎಲ್ಲಿಗೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ರಜೆ ಸಿಕ್ಕರೆ ಮನೆಯಲ್ಲಿ ಮಲಗುತ್ತೇನೆ, ಇಲ್ಲವೇ ಆಯಾಳ ಸ್ಕೂಟರ್ ಹತ್ತುತ್ತೇನೆ. ಇದು ಬೆದರಿಕೆಯಲ್ಲ, ನನಗೆ ಸಾಕಾಗಿತ್ತು.

"ನೋಡೋಣ," ಎಂದರು ಅವರು, ಲಾಡ್ಜಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸುತ್ತಾ.

ಹೊರಟ ದಿನ ದಾರಿಯುದ್ದಕ್ಕೂ ಅವರು ಎಂದಿಗಿಂತ ಹೆಚ್ಚು ತುಳಿದರು. ಸೈಕಲ್ಲಿಗೆ ತುಳಿದರು, ನಾಯಿಗೆ ತುಳಿದರು, ರಸ್ತೆಗೆ ಅಡ್ಡಬಿದ್ದ ಮರದ ನೆರಳಿಗೂ ತುಳಿದರು. ಬೆಟ್ಟದ ಬುಡದ ಸಣ್ಣ ಊರು ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರತೊಡಗಿತು. ಆಕ್ಸಿಲರೇಟರ್ ಒತ್ತಿದರೂ ಕಾರು ಯಾರೋ ಹಿಂದಿನಿಂದ ಹಿಡಿದೆಳೆದಂತೆ ಮುಂದಕ್ಕೆ ಹೋಗಲು ಒಲ್ಲೆ ಎನ್ನುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಒಂದು ಗ್ಯಾರೇಜು ಕಂಡಿತು. ಅಲ್ಲಿಗೆ ಹೇಗೋ ಕಾರನ್ನು ತೆವಳಿಸಿಕೊಂಡು ಹೋದೆ.

ಗ್ಯಾರೇಜಿನವರು ವಯಸ್ಸಾದ ಮೆಕ್ಯಾನಿಕ್ಕು, ಮೂಗಿನ ತುದಿಯಲ್ಲಿ ಕನ್ನಡಕ. ಕಾರಿನೊಳಗೆ ತಲೆ ತೂರಿಸಿ ಹತ್ತು ನಿಮಿಷ ಏನೇನೋ ತಡಕಾಡಿ ಹೊರಗೆ ಬಂದರು.

"ಸ್ಟೇರಿಂಗ್ ಕಡೆ ಬ್ರೇಕಿಗೆ ಏನೂ ಆಗಿಲ್ಲ ಸಾರ್. ಪೆಡಲ್ ರಬ್ಬರು ಹೊಸದರ ಹಾಗಿದೆ, ಯಾರೂ ತುಳಿದೇ ಇಲ್ಲವೇನೋ ಅನ್ಸುತ್ತೆ," ಎಂದರು. "ಕೆಟ್ಟಿರೋದು ಪಕ್ಕದ್ದು. ತುಳಿದೂ ತುಳಿದೂ ಕೇಬಲ್ಲು ಎಳೆ ಎಳೆ ಬಿಟ್ಕೊಂಡು ಒಳಗೆ ಸಿಕ್ಕಾಕೊಂಡಿದೆ. ಒತ್ತಿದ್ದು ವಾಪಸ್ ಬರ್ತಿಲ್ಲ. ಹಾಗಾಗಿ ಬ್ರೇಕು ಹಿಡ್ಕೊಂಡೇ ಇದೆ."

ನಾನು ಮೇಷ್ಟ್ರ ಮುಖವನ್ನೇ ನೋಡಿದೆ. ಅವರು ಛಾವಣಿಯ ತಗಡನ್ನು ನೋಡುತ್ತಿದ್ದರು.

"ಬೇರೆ ಕೇಬಲ್ ಹಾಕಿ," ಎಂದರು.

"ಇಂಥದ್ದು ಇಲ್ಲಿ ಸಿಗಲ್ಲ ಸಾರ್, ತರಿಸೋಕೆ ಮೂರು ದಿನ ಬೇಕು. ಆದ್ರೆ ಅದಿಲ್ದೆ ಏನ್ ತೊಂದ್ರೆ? ಕಳಚಿ ಹಾಕ್ತೀನಿ, ಓಡಿಸೋರ ಬ್ರೇಕು ಸರಿಯಾಗಿದೆ. ಅರ್ಧ ಗಂಟೆ ಕೆಲಸ. ನೆಮ್ಮದಿಯಾಗಿ ಬೆಟ್ಟ ಹತ್ತಿ."

"ಅದಾಗಲ್ಲ," ಎಂದರು ಮೇಷ್ಟ್ರು. ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿ ನನಗೆ ಹೇಳಿದರು: "ಊರಿಗೆ ಬಸ್ಸು ಎಷ್ಟೊತ್ತಿಗಿದೆ ಕೇಳ್ಕೊಂಡು ಬರ್ತೀನಿ. ಕಾರನ್ನ ಆಮೇಲೆ ಬಂದು ತಗೊಂಡು ಹೋದ್ರಾಯ್ತು. ಲಾಡ್ಜಿನವರಿಗೆ ಒಂದು ಫೋನ್ ಮಾಡ್ಬಿಡು. ಬರೋ ವರ್ಷ..."

ಮಾತು ಮುಗಿಸದೆ ರಸ್ತೆ ದಾಟಿದರು. ಆರನೆಯ ಸಲವೂ ಇದೇ ಬುಡ!

"ಅಮ್ಮಾ, ಕೇಬಲ್ ತರಿಸೋದಾದ್ರೆ ಗಾಡಿ ಯಾವ ವರ್ಷದ್ದು ಅಂತ ನೋಡ್ಬೇಕು, ಕಾಗದ ಇದೆಯಾ?" ಎಂದು ಮೆಕ್ಯಾನಿಕ್ಕು ಕೇಳಿದರು.

ಕಾಗದಗಳೆಲ್ಲ ಪಕ್ಕದ ಸೀಟಿನ ಕೆಳಗೆ ಒಂದು ಕಂದು ಫೈಲಿನಲ್ಲಿರುತ್ತವೆ. ಸ್ಕೂಲಿನ ವಸ್ತು ಎಂದು ನಾನು ಅದನ್ನು ಯಾವತ್ತೂ ಮುಟ್ಟಿದವಳಲ್ಲ. ಆವತ್ತು ಎಳೆದು ತೆರೆದೆ. ಕಾರಿನ ಕಾಗದದ ಹಿಂದೆ ಶಿಷ್ಯರ ಕಾರ್ಡುಗಳಿದ್ದವು, ಹಳದಿ ರಟ್ಟಿನವು. ಸ್ಕೂಲಿಗೆ ಸೇರಿದ ಪ್ರತಿಯೊಬ್ಬರಿಗೂ ಒಂದು ಕಾರ್ಡು. ತಾರೀಖು, ಹೋದ ರಸ್ತೆ, ಕಂಡ ತಪ್ಪು ಎಂದು ಮೂರು ಕಾಲಮ್ಮು. ಕೆಳಗೆ 'ಕಲಿಕೆ ಪೂರ್ಣ' ಎಂಬ ಚೌಕ, ಅದರಲ್ಲಿ ಮೇಷ್ಟ್ರ ಸಹಿ. ಇಪ್ಪತ್ತು ಪಾಠ ಮುಗಿದರೆ ಸಹಿ ಬೀಳುತ್ತದೆ, ಕಾರ್ಡು ಶಿಷ್ಯರ ಮನೆ ಸೇರುತ್ತದೆ. ಒಂದು ಕಾರ್ಡು ಮಾತ್ರ ದಪ್ಪಗಿತ್ತು. ಒಂದರ ಹಿಂದೆ ಒಂದು ರಟ್ಟು ಸೇರಿಸಿ ಪಿನ್ನು ಹೊಡೆದಿದ್ದರು. ಮೇಲೆ ನನ್ನ ಹೆಸರು, ಮದುವೆಗೆ ಮೊದಲಿನ ಹೆಸರು.

ನಿಂತಲ್ಲೇ ಓದಿದೆ.

ಮದುವೆಯಾದ ವರ್ಷ, ಬೆಟ್ಟದ ಬುಡದವರೆಗೆ: 'ಮೂರನೇ ಗೇರು ತಡ. ಕೈ ಹಿಡಿದು ತೋರಿಸಲಾಯಿತು.'

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಗೇರಿನ ಮೇಲಿದ್ದ ನನ್ನ ಕೈ ಮೇಲೆ ಅವರು ತಮ್ಮ ಕೈ ಇಟ್ಟು, ತೆಗೆಯದೆ ಸುಮಾರು ದೂರ ಹಾಗೆಯೇ ಇದ್ದರು. ನನ್ನ ಕಿವಿಯವರೆಗೂ ಬಿಸಿಯೇರಿತ್ತು. ಹತ್ತೊಂಬತ್ತು ವರ್ಷ ಅದನ್ನು ನಾನು ಪ್ರೀತಿ ಎಂದು ತಿಳಿದಿದ್ದೆ. ಮೂರನೇ ಗೇರಂತೆ!

ಜಲಪಾತದ ವರ್ಷ: 'ಹಾಡು ಹೇಳುತ್ತಾ ಓಡಿಸಿದ್ದು. ಹಾರ್ನು ಅನಗತ್ಯ.' ಕೋಟೆಯ ವರ್ಷ: 'ನಿಲ್ಲಿಸುವಾಗ ಕಂಬಕ್ಕೆ ಒಂದು ಗೇಣು ಹತ್ತಿರ.' ನಾನು ಹೊಸ ಸೀರೆಯುಟ್ಟಿದ್ದ ದಿನ, ಇಬ್ಬರೂ ನೆನೆದು ನಕ್ಕ ದಿನ, ದಾರಿ ತಪ್ಪಿ ಮಾವಿನ ತೋಪಿನಲ್ಲಿ ನಿದ್ದೆ ಹೋದ ದಿನ, ಎಲ್ಲವೂ ಅಲ್ಲಿದ್ದವು. ಕ್ಲಚ್ಚು, ಗೇರು, ಕನ್ನಡಿ. ನಾನು ಅವರೊಡನೆ ಕಳೆದ ರಜೆಗಳಲ್ಲಿ ಅವರಿಗೆ ಬರೆದಿಡಬೇಕೆನಿಸಿದ್ದು ಇಷ್ಟೇ.

ಮತ್ತೆ, ಏಳನೆಯ ವರ್ಷ. ಕಡಲ ತೀರದ ರಸ್ತೆ: 'ಹನ್ನೆರಡು ಕಿ.ಮೀ. ಗಮನ ರಸ್ತೆಯ ಮೇಲಿಲ್ಲ. ಎರಡು ಕಡೆ ಸಿಗ್ನಲ್ ಹಾಕಿಲ್ಲ.'

ಆ ವರ್ಷ ನನ್ನ ಹೊಟ್ಟೆಯಲ್ಲಿ ಏಳು ತಿಂಗಳು ತುಂಬಿದ ಮಗು ಉಳಿಯಲಿಲ್ಲ. ನಾಲ್ಕು ದಿನ ಎಲ್ಲಾದರೂ ಹೋಗಿ ಬನ್ನಿ ಎಂದು ಡಾಕ್ಟರೇ ಕಳಿಸಿದ್ದರು. ನಾನು ದಾರಿಯುದ್ದಕ್ಕೂ ಅಳುತ್ತಾ ಓಡಿಸಿದೆ. ಪಕ್ಕದಲ್ಲಿ ಕೂತ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ. ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡಿದ್ದೆ. ಅವರು ಸಿಗ್ನಲ್ ಲೆಕ್ಕ ಹಾಕುತ್ತಿದ್ದರು.

ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಕಾರ್ಡಿನ ಮೂಲೆ ಮುದುಡಿಹೋಯಿತು. ಮೂರು ದಿನದ ಕೂಸನ್ನೂ ಹಗುರವಾಗಿ ಹಿಡಿಯುವ ಕೈ ನನ್ನದು.

ಅಷ್ಟರಲ್ಲಿ ಮೇಷ್ಟ್ರು ರಸ್ತೆ ದಾಟಿ ಬಂದರು. "ಮೂರೂವರೆಗೆ ಒಂದು ಬಸ್ಸಿದೆ," ಎಂದವರು ನನ್ನ ಕೈಯಲ್ಲಿದ್ದುದನ್ನು ನೋಡಿ ನಿಂತರು.

"ಇದೇನ್ರೀ ಇದು?"

"ಕಾರ್ಡು. ಎಲ್ರದ್ದೂ ಇರುತ್ತೆ."

"ಎಲ್ರೂ ನಿಮ್ಮ ಜೊತೆ ಸಂಸಾರ ಮಾಡಿದಾರಾ? ಕೆಳಗಿನ ಚೌಕ ಯಾಕೆ ಖಾಲಿ ಇದೆ?"

"ಬರೀತಾ ಇದ್ನಲ್ಲ, ಪಾಠ ಇನ್ನೂ ಮುಗಿದಿಲ್ಲ ಅಂತ..."

"ಏಳನೇ ವರ್ಷದ್ದು ಓದಿ. ಜೋರಾಗಿ ಓದಿ, ಇವ್ರೂ ಕೇಳ್ಲಿ."

ಮೆಕ್ಯಾನಿಕ್ಕು ಮೆಲ್ಲಗೆ ಟೈರುಗಳ ಹಿಂದೆ ಸರಿದರು. ಮೇಷ್ಟ್ರು ಓದಲಿಲ್ಲ. ಓದಬೇಕಾದ ಅಗತ್ಯ ಅವರಿಗಿರಲಿಲ್ಲ, ಯಾವ ಸಾಲು ಎಂದು ಗೊತ್ತಿತ್ತು. ಅವರ ಮುಖ ಬಣ್ಣಗೆಟ್ಟಿತು.

"ಹೆಂಡ್ತಿ ಅಳ್ತಾ ಇದ್ದಾಳೆ, ಇವರಿಗೆ ಸಿಗ್ನಲ್ ಚಿಂತೆ! ನೀವು ಮನುಷ್ಯರೇನ್ರೀ?" ಎಂದೆ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ನೋಡಲಿ. ನಾನು ಮೆಕ್ಯಾನಿಕ್ಕಿನ ಕಡೆ ತಿರುಗಿದೆ. "ಆ ಪೆಡಲ್ ಕಿತ್ತಾಕಿ. ಮೇಲಿನ ಬೋರ್ಡನ್ನೂ ಬಿಚ್ಚಿ."

"ಸಾರ್?" ಎಂದು ಅವರು ಮೇಷ್ಟ್ರನ್ನು ನೋಡಿದರು.

"ಅವರನ್ನೇನು ಕೇಳ್ತೀರಿ? ಓಡಿಸೋಳು ನಾನು."

ಅರ್ಧ ಗಂಟೆ ಹಿಡಿಯಿತು. ಬೋರ್ಡಿನ ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬರಲಿಲ್ಲ, ಎಣ್ಣೆ ಹಾಕಿ ಸುತ್ತಿಗೆಯಲ್ಲಿ ತಟ್ಟಬೇಕಾಯಿತು. ಮೇಷ್ಟ್ರು ಬೆಂಚಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಮೆಕ್ಯಾನಿಕ್ಕು ಬಿಚ್ಚಿದ ಪೆಡಲನ್ನು ತಂದು ಅವರ ಪಕ್ಕದಲ್ಲಿ ಇಟ್ಟರು. ಸವೆದು ಸವೆದು ಅದರ ರಬ್ಬರೇ ಇರಲಿಲ್ಲ, ಬರೀ ಕಬ್ಬಿಣ ಹೊಳೆಯುತ್ತಿತ್ತು.

ನಾನು ಒಳಗೆ ಕೂತು ಇಂಜಿನ್ ಸ್ಟಾರ್ಟ್ ಮಾಡಿದೆ. ಕಿಟಕಿಯಿಂದ ಹೇಳಿದೆ: "ಬಸ್ಸು ಮೂರೂವರೆಗೆ. ನಿಮ್ಮಿಷ್ಟ."

ಕನ್ನಡಿ ನೋಡಿದೆ, ಸಿಗ್ನಲ್ ಹಾಕಿದೆ, ಗೇರು ಹಾಕಿದೆ. ಕಾರು ನಾಲ್ಕು ಮಾರು ಸರಿದಿತ್ತು, ಪಕ್ಕದ ಬಾಗಿಲನ್ನು ಯಾರೋ ದಬದಬ ಬಡಿದರು. ನಿಲ್ಲಿಸಿದೆ, ನನ್ನದೇ ಬ್ರೇಕು ತುಳಿದು. ಅವರು ಹತ್ತಿ ಕೂತು ಬಾಗಿಲು ಹಾಕಿಕೊಂಡರು. ಬೆಲ್ಟು ಬಿಗಿದುಕೊಂಡರು. ಕಾಲು ತಾನಾಗಿಯೇ ಮುಂದಕ್ಕೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.

ಮೊದಲ ತಿರುವಿನಲ್ಲಿ ಮ್ಯಾಟಿನ ಮೇಲೆ ದಪ್ಪೆಂದು ಸದ್ದಾಯಿತು. ಎರಡನೆಯ ತಿರುವಿನಲ್ಲೂ ದಪ್. ಮೂರನೆಯದರಲ್ಲಿ ಎದುರಿನಿಂದ ತುಂಬಿದ ಬಸ್ಸು ಬಂತು. ನಾನು ಅಂಚಿಗೆ ತಂದು ನಿಲ್ಲಿಸಿದೆ, ಬಸ್ಸು ಹೋದ ಮೇಲೆ ಹಾಫ್ ಕ್ಲಚ್ಚಿನಲ್ಲಿ ಎತ್ತಿದೆ, ಕಾರು ಒಂದು ಬೆರಳಗಲವೂ ಹಿಂದಕ್ಕೆ ಜಾರಲಿಲ್ಲ. ಪಕ್ಕದಲ್ಲಿ ದಪ್, ದಪ್, ದಪ್. ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ.

ಆರನೆಯ ತಿರುವಿನಲ್ಲಿ ಅವರು ಬಾಯಿ ಬಿಟ್ಟರು. "ಕಡಲ ರಸ್ತೇಲಿ ಅವತ್ತು ನಾನ್ಯಾಕೆ ಸ್ಟೇರಿಂಗ್ ತಗೊಳ್ಲಿಲ್ಲ ಅಂತ ನೀನು ಯಾವತ್ತೂ ಕೇಳ್ಲಿಲ್ಲ."

"ಈಗ ಕೇಳ್ತಿದೀನಿ."

"ನನ್ನ ಕೈ ನಡುಗ್ತಿತ್ತು. ಓಡಿಸೋಕೆ ಆಗ್ತಿರ್ಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಕೂರೋದೊಂದೇ ನನ್ನ ಕೈಲಾಗಿದ್ದು."

"ಅದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಗಾಡಿ ನಿಲ್ಲಿಸಿಬಿಡ್ತಿದ್ದೆ."

"ನಿಲ್ಲಿಸ್ಬೇಕಿತ್ತು ಕಣ್ರೀ! ಇಬ್ರೂ ರಸ್ತೆ ಪಕ್ಕ ಕೂತು ಅಳ್ಬೇಕಿತ್ತು. ನಾನೊಬ್ಳೇ ಅತ್ತೆ, ಹನ್ನೆರಡು ವರ್ಷ ಹಾಗೇ ಅಂದ್ಕೊಂಡಿದೀನಿ. ಅದೆಷ್ಟು ಕಿಲೋಮೀಟರು ಅಂತ ನೀವು ಅಳೆದಿಟ್ಟಿದೀರಿ!"

ಏಳನೆಯ ತಿರುವಿನಲ್ಲಿ ದಪ್ ಎನ್ನಲಿಲ್ಲ. ಎಂಟರಲ್ಲೂ ಇಲ್ಲ. ಒಂಬತ್ತರಲ್ಲಿ ಒಂದು ಕರು ಅಡ್ಡ ಬಂತು, ದಪ್ ಎಂದಿತು. ಅವರೇ "ತಪ್ಪಾಯ್ತು" ಎಂದರು. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಹನ್ನೊಂದನೆಯ ತಿರುವು ದಾಟಿದರೆ ಕೆರೆ. ಬಿಸಿಲಿನ್ನೂ ಇತ್ತು. ಆಯಾಳ ಫೋಟೋದಲ್ಲಿ ಕಂಡದ್ದಕ್ಕಿಂತ ಕೆರೆ ಚಿಕ್ಕದು, ಆದರೆ ನೀರು ಅಷ್ಟೇ ತಿಳಿ. ಲಾಡ್ಜಿನ ಮುಂದೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಇಳಿದು ದಡದ ಕಲ್ಲಿನ ಮೇಲೆ ಕೂತೆ. ಇಷ್ಟಕ್ಕೆ, ಇಷ್ಟು ಹತ್ತಿರದ ಇಷ್ಟಕ್ಕೆ ಹತ್ತೊಂಬತ್ತು ವರ್ಷ ಕಾಯಿಸಿದರಲ್ಲ ಎನಿಸಿ ಕಣ್ಣು ತುಂಬಿತು. ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ? ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ಅವರು ಫೈಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಜೇಬಿನಿಂದ ಪೆನ್ನು ತೆಗೆದು, ನನ್ನ ಕಾರ್ಡಿನ ಕೆಳಗಿನ ಚೌಕದಲ್ಲಿ ದೊಡ್ಡದಾಗಿ ಸಹಿ ಹಾಕಿ, ಬಹುಮಾನ ಕೊಡುವವರಂತೆ ಎರಡೂ ಕೈಯಲ್ಲಿ ನನ್ನ ಮುಂದೆ ಚಾಚಿದರು.

"ಕಲಿಕೆ ಪೂರ್ಣ," ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ಯಾರಿಗೆ ಬೇಕ್ರೀ ನಿಮ್ಮ ಸಹಿ? ಅದಿಲ್ದೆ ಹನ್ನೊಂದು ತಿರುವು ಹತ್ತಿ ಬಂದಿದೀನಿ. ಸಹಿ ನಿಮ್ಮ ಹತ್ರಾನೇ ಇರ್ಲಿ. ನಂಗೆ ಏಳನೇ ವರ್ಷದ ಸಾಲು ತಿದ್ದಿಕೊಡಿ."

"ಏನಂತ ತಿದ್ಲಿ?"

"ಮೇಷ್ಟ್ರು ನೀವು, ನನ್ನನ್ನ ಕೇಳ್ತೀರಾ?"

ಅವರು ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡರು. ಬಾತುಕೋಳಿಗಳು ಈ ದಡದಿಂದ ಆ ದಡಕ್ಕೆ ಹೋದವು. ನಾನು ಒಂದು ಮಾತೂ ಸಹಾಯ ಮಾಡಲಿಲ್ಲ. ಕೊನೆಗೆ ಅವರು ಸಿಗ್ನಲ್ಲಿನ ಮಾತನ್ನು ಹೊಡೆದುಹಾಕಿ, ಅದರ ಪಕ್ಕದ ಇಕ್ಕಟ್ಟು ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಬರೆದು ನನ್ನ ಕಡೆ ಸರಿಸಿದರು. ಅಕ್ಷರ ಓರೆಕೋರೆಯಾಗಿತ್ತು.

'ಹನ್ನೆರಡು ಕಿ.ಮೀ. ಗಮನ ರಸ್ತೆಯ ಮೇಲಿಲ್ಲ. ಮೇಷ್ಟ್ರದ್ದೂ ಇರಲಿಲ್ಲ.'

ಎರಡು ಸಲ ಓದಿದೆ. ಕಾರ್ಡನ್ನು ನನ್ನ ಬ್ಯಾಗಿನಲ್ಲಿ ಹಾಕಿಕೊಂಡೆ. ಪೂರಾ ಹನ್ನೆರಡು ವರ್ಷ ತಡವಾಗಿ ಬಂದ ಒಂದು ಸಾಲು. ಅದನ್ನು ಓದಿ ಕರಗಿಹೋಗಲು ನಾನೇನು ಬೆಣ್ಣೆಯೇ? ಆದರೂ ಅವರು ಕಲ್ಲಿನ ಮೇಲೆ ಇಟ್ಟಿದ್ದ ಕೈಯ ಪಕ್ಕದಿಂದ ನನ್ನ ಕೈಯನ್ನು ತೆಗೆಯಲಿಲ್ಲ.

"ಈಗ ಸರಿಹೋಯ್ತಾ?" ಎಂದು ಅವರು ಮೆಲ್ಲಗೆ ಕೇಳಿದರು.

ಕಾರಿನ ಕೀಲಿಯನ್ನೂ ಬ್ಯಾಗಿಗೆ ಹಾಕಿ ಜಿಪ್ಪು ಎಳೆದೆ.

"ಇನ್ನೂ ಸ್ವಲ್ಪ ಅಭ್ಯಾಸ ಆಗ್ಲಿ," ಎಂದೆ. "ಬರೋ ವರ್ಷ ನೋಡೋಣ."